ಸರ್ಕಾರ ಎಣಿಸುವುದೇನು?



ಪ್ರಜಾಪ್ರತಿನಿಧಿಯೊಬ್ಬರು ಸದನದಲ್ಲಿ ಎದ್ದು ನಿಂತು ಮಾಡುವ ಭಾಷಣವು ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗಿ ಮನೆಮನೆಯನ್ನು ತಲಪುತ್ತದೆ. ಅವರೇ ಎರಡು ಸಾಲಿನಲ್ಲಿ ಬರೆದುಕೊಟ್ಟ ಪ್ರಶ್ನೆಗೆ ಮಂತ್ರಿಗಳು ನಾಲ್ಕು ಸಾಲಿನಲ್ಲಿ ಬರೆದುಕೊಡುವ ಉತ್ತರವಾದರೋ, ಸದನದ ನಡವಳಿಕೆಯ ಸಂಪುಟದ ಕೊನೆಯ ಪುಟಗಳಲ್ಲಿ ಸೇರಿಹೋಗಿ, ಅದನ್ನೇ ಅರಸಿಕೊಂಡು ಹೋಗುವ ಕೆಲವರ ಕಣ್ಣಿಗಲ್ಲದೆ ಮಿಕ್ಕವರಿಗೆ ಕಾಣಿಸುವುದಿಲ್ಲ. ಆದರೆ ಒಂದು ರಾಜ್ಯವು ತನ್ನ ಆಳ್ವಿಕೆಗೆ ಒಳಪಟ್ಟ ಜೀವಗಳ ವಿಷಯದಲ್ಲಿ ಏನನ್ನು ಬಲ್ಲುದು, ಏನನ್ನು ಅರಿಯದು, ಯಾವುದನ್ನು ಅರಿಯದೆ ಇರುವುದೇ ಅದಕ್ಕೆ ಅಭ್ಯಾಸವಾಗಿಹೋಗಿದೆ ಎಂಬುದನ್ನು ತಿಳಿಯಬೇಕಾದರೆ, ಭಾಷಣಗಳಿಗಿಂತ ಈ ಲಿಖಿತ ಉತ್ತರಗಳೇ ಹೆಚ್ಚು ಉಪಕಾರಿಯೆಂದು ನಾನು ನಂಬಿದ್ದೇನೆ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಪ್ರಕಟವಾಗುವ ಇಂತಹ ಉತ್ತರಗಳ ಪುಟಗಳನ್ನು ತಿರುವಿದವರಿಗೆ, ತೆರಿಗೆ, ಪ್ರಾಣಿಗಳ ಮೇಲಿನ ಕ್ರೌರ್ಯಕ್ಕಾಗಿ ಹೂಡಿದ ಮೊಕದ್ದಮೆಗಳು, ಅಪರಾಧ ತಡೆಗೆಂದು ಹಂಚಿದ ಅನುದಾನ ಎಂಬ ಮೂರು ವಿಷಯಗಳು ಒಂದರ ಪಕ್ಕದಲ್ಲೊಂದು ಬಂದು ನಿಲ್ಲುವುದು ಕಾಣುತ್ತದೆ. ಮೂರಕ್ಕೂ ಉತ್ತರ ಕೊಡುವುದು ಒಂದೇ ಸರ್ಕಾರ. ಆದರೆ ಉತ್ತರದ ಸ್ವರೂಪ ಮಾತ್ರ ಮೂರರಲ್ಲಿಯೂ ಬೇರೆ. ಆ ಭೇದವು ಎಲ್ಲಿಂದ ಹುಟ್ಟಿತು, ಅದರಿಂದ ನಮಗೆ ತಿಳಿಯುವುದೇನು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಪ್ರಶ್ನೆ ಕೇಳುವ ಪದ್ಧತಿಯು ಆ ದೇಶದಲ್ಲಿ ಆರಂಭವಾದದ್ದೇ ಹಣದ ವ್ಯವಹಾರವೊಂದರಿಂದ. 1720ರಲ್ಲಿ ಸೌತ್ ಸೀ ಕಂಪನಿಯ ಷೇರುಗಳ ಬೆಲೆ ಆಕಾಶಕ್ಕೇರಿ ಕುಸಿದುಬಿದ್ದು, ಸಾವಿರಾರು ಸಂಸಾರಗಳು ಹಾಳಾದ ಮೇಲೆ, ಆ ಕಂಪನಿಯ ಖಜಾಂಚಿ ರಾಬರ್ಟ್ ನೈಟ್ ಎಂಬಾತನು ದೇಶ ಬಿಟ್ಟು ಓಡಿಹೋಗಿದ್ದನು. ಅವನು ಬ್ರಸೆಲ್ಸಿನಲ್ಲಿ ಸಿಕ್ಕಿಬಿದ್ದನೆಂಬ ಸುದ್ದಿ ನಿಜವೇ ಎಂದು 1721ರ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರರು ಮಂತ್ರಿಗಳನ್ನು ಕೇಳಿದರು. ಮಂತ್ರಿಯು ಸಭೆಗೆ ಉತ್ತರ ಕೊಡಬೇಕಾದವನೆಂಬ ತತ್ತ್ವವು ದಾಖಲೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಹೀಗೆ. ಮುಂದೆ ಪ್ರಶ್ನೆಗಳ ಸಂಖ್ಯೆ ಬೆಳೆದು ಸಭೆಯ ಹೊತ್ತು ಸಾಲದಾಗಲು, 1902ರಲ್ಲಿ ಬಾಲ್ಫರ್ ಅವರ ಕಾಲದ ಸುಧಾರಣೆಗಳಲ್ಲಿ ಲಿಖಿತ ಉತ್ತರದ ಕ್ರಮ ನೆಲೆಗೊಂಡಿತು. ಇಂದು ಆ ಉತ್ತರಗಳಿಗೆ ಎರಡು ಕಟ್ಟುಗಳಿವೆ. ಮಂತ್ರಿಯು ಪಾರ್ಲಿಮೆಂಟಿಗೆ ಕೊಡುವ ಮಾಹಿತಿ ಸತ್ಯವೂ ನಿಖರವೂ ಆಗಿರಬೇಕು, ತಿಳಿದೂ ತಿಳಿದೂ ಸಭೆಯ ದಾರಿ ತಪ್ಪಿಸಿದ ಮಂತ್ರಿಯು ರಾಜೀನಾಮೆ ಕೊಡಬೇಕು ಎಂಬುದು ಮೊದಲನೆಯದು. ಉತ್ತರವನ್ನು ಹುಡುಕಿ ತೆಗೆಯಲು ತಗಲುವ ಖರ್ಚು 850 ಪೌಂಡುಗಳನ್ನು ಮೀರುವುದಾದರೆ, ಆ ವೆಚ್ಚವು ಅತಿಯಾದುದೆಂದು ಹೇಳಿ ಉತ್ತರಿಸದೆ ಇರಬಹುದೆಂಬುದು ಎರಡನೆಯದು. ಸತ್ಯಕ್ಕೆ ಮೇರೆಯಿಲ್ಲ, ಸತ್ಯವನ್ನು ಹುಡುಕುವ ಖರ್ಚಿಗೆ ಮಾತ್ರ ಮೇರೆಯುಂಟು. ಈ ಎರಡನೆಯ ಕಟ್ಟನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ತೆರಿಗೆಯ ವಿಷಯದಲ್ಲಿ ಸರ್ಕಾರದ ಕಣ್ಣು ಅತ್ಯಂತ ಚುರುಕಾದುದು. ಏಕೆಂದರೆ ಅಲ್ಲಿ ಎಣಿಸುವುದೇ ಅದರ ಜೀವನಾಧಾರ. ಆದರೂ ಆ ಚುರುಕು ಒಂದೇ ದಿನದಲ್ಲಿ ಬಂದುದಲ್ಲ. ನೆಪೋಲಿಯನ್ನನ ಕಾಲದ ಯುದ್ಧವೆಚ್ಚಕ್ಕಾಗಿ ಕಿರಿಯ ಪಿಟ್ಟನು 1799ರಲ್ಲಿ ಆದಾಯತೆರಿಗೆಯನ್ನು ಜಾರಿಗೆ ತಂದಾಗ, ಒಂದು ಕೋಟಿ ಪೌಂಡು ಬರುವುದೆಂದು ಲೆಕ್ಕ ಹಾಕಿದ್ದನು. ಬಂದದ್ದು ಅರುವತ್ತು ಲಕ್ಷದ ಆಸುಪಾಸು. ಯುದ್ಧ ಮುಗಿದೊಡನೆ, 1816ರಲ್ಲಿ, ಪಾರ್ಲಿಮೆಂಟು ಆ ತೆರಿಗೆಯನ್ನು ರದ್ದುಮಾಡಿದುದಷ್ಟೇ ಅಲ್ಲದೆ, ಅದರ ಲೆಕ್ಕಪತ್ರಗಳನ್ನೆಲ್ಲ ನಾಶಪಡಿಸಬೇಕೆಂದು ಆಜ್ಞಾಪಿಸಿತು: ತಮ್ಮ ಆದಾಯವು ಸರ್ಕಾರಕ್ಕೆ ತಿಳಿದಿತ್ತೆಂಬ ಗುರುತು ಕೂಡ ಉಳಿಯಬಾರದೆಂಬಷ್ಟು ಜುಗುಪ್ಸೆ ಆ ಕಾಲದ ಪ್ರಜೆಗಳಿಗಿದ್ದಿತು. ಇಪ್ಪತ್ತಾರು ವರ್ಷಗಳ ಮೇಲೆ, 1842ರಲ್ಲಿ, ಸರ್ ರಾಬರ್ಟ್ ಪೀಲ್ ಪ್ರಧಾನಮಂತ್ರಿಯಾಗಿದ್ದಾಗ, ವರ್ಷಕ್ಕೆ 150 ಪೌಂಡಿಗೆ ಮೇಲ್ಪಟ್ಟ ಆದಾಯದ ಮೇಲೆ ಪೌಂಡಿಗೆ 7 ಪೆನ್ಸಿನಂತೆ, ಎಂದರೆ ನೂರಕ್ಕೆ ಸುಮಾರು ಮೂರರಂತೆ, ಅದನ್ನು ಮತ್ತೆ ಹೇರಿದನು. ಪೀಲನ ಹೆಸರನ್ನು ಶ್ರೋತೃಗಳು ದಯಮಾಡಿ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದಿನ ಎರಡು ವಿಷಯಗಳಲ್ಲಿಯೂ ಅವನು ನಮಗೆ ಎದುರಾಗುತ್ತಾನೆ. ತಾತ್ಕಾಲಿಕವೆಂದು ಬಂದ ಆ ತೆರಿಗೆ ಈವರೆಗೂ ಕಾಯಂ ಆಗಿಲ್ಲ; ಪ್ರತಿ ಸಂವತ್ಸರವೂ ಪಾರ್ಲಿಮೆಂಟು ಹೊಸದಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಅದಕ್ಕೆ ಜೀವ.

ಆದುದರಿಂದ ತೆರಿಗೆಯನ್ನು ಕುರಿತ ಪ್ರಶ್ನೆಗೆ ಬರುವ ಉತ್ತರದಲ್ಲಿ ಅಂಕಿಗಳಿಗೆ ಕೊರತೆಯಿರುವುದಿಲ್ಲ. 2021ರಿಂದ ಆ ದೇಶದಲ್ಲಿ ವರ್ಷಕ್ಕೆ 12,570 ಪೌಂಡುಗಳವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಬೆಲೆಗಳೂ ಸಂಬಳಗಳೂ ಏರುತ್ತಿದ್ದರೂ ಆ ಗೆರೆ ಮಾತ್ರ ಇದ್ದಲ್ಲಿಯೇ ಇರುವುದರಿಂದ, ದರವನ್ನು ಒಂದು ಪೆನ್ನಿಯೂ ಏರಿಸದೆ, ಹೊಸಹೊಸ ಬಡವರು ತೆರಿಗೆಯ ವ್ಯಾಪ್ತಿಯೊಳಕ್ಕೆ ಬಂದು ಬೀಳುತ್ತಾರೆ. ತನ್ನ ಕ್ಷೇತ್ರದಲ್ಲಿ ತೆರಿಗೆ ಕೊಡುವವರೆಷ್ಟು ಮಂದಿ ಎಂದು ಸದಸ್ಯನು ಕೇಳಿದರೆ, ಕ್ಷೇತ್ರವಾರು ಅಂದಾಜು ಸಿದ್ಧವಾಗಿಯೇ ಇದೆ. ವ್ಯಕ್ತಿಯೊಬ್ಬನ ತೆರಿಗೆಯನ್ನು ಹೆಸರಿಟ್ಟು ಕೇಳಿದರೆ ಮಾತ್ರ ಬಾಗಿಲು ಮುಚ್ಚುತ್ತದೆ. ತೆರಿಗೆದಾರನ ಗೋಪ್ಯವನ್ನು ಕಾಪಾಡುವ 2005ರ ಕಾಯಿದೆ ಅಲ್ಲಿ ಕಾವಲಿದೆ, ಮತ್ತು ಅದು ಇರಬೇಕಾದ ಕಾವಲೇ. ಇನ್ನು, ಈ ತೆರಿಗೆಯನ್ನು ತಗ್ಗಿಸುವಿರಾ ಎಂದು ಕೇಳಿದವನಿಗೆ, ಎಲ್ಲ ತೆರಿಗೆಗಳೂ ಸದಾ ಪರಿಶೀಲನೆಯಲ್ಲಿವೆ ಎಂಬ ವಾಕ್ಯ ಬರುತ್ತದೆ. ಅದು ಉತ್ತರವಲ್ಲ, ಆದರೆ ಅದರಲ್ಲಿ ಅಜ್ಞಾನವಿಲ್ಲ. ಹೇಳಲೊಲ್ಲದಿರುವುದು ಬೇರೆ, ತಿಳಿಯದಿರುವುದು ಬೇರೆ.

ತಿಳಿಯದಿರುವುದು ಎರಡನೆಯ ವಿಷಯದಲ್ಲಿದೆ, ಮತ್ತು ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲಿಯೇ. ಕಳೆದ ವರ್ಷ ಎಷ್ಟು ಮಂದಿಯ ಮೇಲೆ ಪ್ರಾಣಿಹಿಂಸೆಯ ಮೊಕದ್ದಮೆ ನಡೆಯಿತು ಎಂದು ಸದಸ್ಯನು ಕೇಳುತ್ತಾನೆ. ಉತ್ತರದಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿಯ ಅಡಿಯಲ್ಲಿ, ಪಟ್ಟಿಗಿಂತ ಮುಖ್ಯವಾದ ಟಿಪ್ಪಣಿಗಳಿರುತ್ತವೆ. ನ್ಯಾಯಾಲಯಗಳ ಅಂಕಿಗಳು ಪ್ರಧಾನ ಅಪರಾಧವನ್ನು ಮಾತ್ರ ಎಣಿಸುತ್ತವೆಂಬುದು ಆ ಟಿಪ್ಪಣಿಗಳಲ್ಲೊಂದು. ಎಂದರೆ, ಒಬ್ಬನು ಮನೆಯಲ್ಲಿ ಹೆಂಡತಿಯನ್ನು ಮಾರಕವಾಗಿ ಹೊಡೆದು, ಅಡ್ಡಬಂದ ನಾಯಿಯನ್ನೂ ಕೊಂದು, ಎರಡಕ್ಕೂ ಶಿಕ್ಷೆ ಹೊಂದಿದರೆ, ಹೆಚ್ಚಿನ ಶಿಕ್ಷೆ ಯಾವುದಕ್ಕಾಯಿತೋ ಅದು ಲೆಕ್ಕಕ್ಕೆ ಸೇರುತ್ತದೆ. ನಾಯಿಯ ಸಾವು ಆ ಪಟ್ಟಿಯಲ್ಲಿ ಇರುವುದಿಲ್ಲ. ತೀರ್ಪಿನಲ್ಲಿ ಉಂಟು, ಅಂಕಿಯಲ್ಲಿ ಇಲ್ಲ. ಇನ್ನು ಎಷ್ಟು ದೂರುಗಳು ಬಂದುವು, ಎಷ್ಟನ್ನು ವಿಚಾರಿಸಿದರು, ಎಷ್ಟನ್ನು ಎಚ್ಚರಿಕೆ ಕೊಟ್ಟು ಮುಗಿಸಿದರು ಎಂದು ಮುಂದಕ್ಕೆ ಕೇಳಿದರೆ, ಆ ಮಾಹಿತಿಯನ್ನು ಕೇಂದ್ರದಲ್ಲಿ ಇರಿಸಿಲ್ಲ ಎಂಬ ಒಂದೇ ಸಾಲಿನ ಉತ್ತರವನ್ನು ನಿರೀಕ್ಷಿಸಬೇಕು. ಇದು ಯಾರೋ ಗುಮಾಸ್ತರ ಆಲಸ್ಯದಿಂದ ಆದುದಲ್ಲ. ಇದರ ಕಾರಣವನ್ನು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1800ರಲ್ಲಿ ಗೂಳಿಗೆ ನಾಯಿಗಳನ್ನು ಛೂಬಿಟ್ಟು ನೋಡುವ ಆಟವನ್ನು ನಿಲ್ಲಿಸಲು ತಂದ ಮಸೂದೆಯನ್ನು ಕಾಮನ್ಸ್ ಸಭೆ ತಿರಸ್ಕರಿಸಿತು. 1809ರಲ್ಲಿ ಲಾರ್ಡ್ ಅರ್ಸ್ಕಿನ್ ತಂದ ಮಸೂದೆ ಲಾರ್ಡ್ಸ್ ಸಭೆಯನ್ನು ದಾಟಿ ಕಾಮನ್ಸಿನಲ್ಲಿ ಬಿದ್ದುಹೋಯಿತು. ಕಡೆಗೆ ಐರ್ಲೆಂಡಿನ ಗಾಲ್ವೆಯ ಪ್ರತಿನಿಧಿಯಾದ ರಿಚರ್ಡ್ ಮಾರ್ಟಿನ್, ಸಭಿಕರ ನಗೆಯನ್ನು ಲಕ್ಷಿಸದೆ ಹಿಡಿದ ಹಟವನ್ನು ಬಿಡದೆ, 1822ರಲ್ಲಿ ಕುದುರೆ, ದನ, ಕುರಿ ಮೊದಲಾದುವನ್ನು ಕ್ರೂರವಾಗಿ ಹೊಡೆಯುವವರನ್ನು ಶಿಕ್ಷಿಸುವ ಕಾಯಿದೆಯನ್ನು ಸಾಧಿಸಿದನು. ಕಡಿಮೆಯೆಂದರೆ 10 ಷಿಲಿಂಗು, ಹೆಚ್ಚೆಂದರೆ 5 ಪೌಂಡು ಜುಲ್ಮಾನೆ. ಕೊಡದಿದ್ದರೆ ಮೂರು ತಿಂಗಳವರೆಗೆ ಸೆರೆ. ಕಾಯಿದೆಯಾಯಿತು, ಆದರೆ ಅದನ್ನು ನಡೆಸುವವರು ಯಾರು? ಮಾರ್ಟಿನ್ ತಾನೇ ಬೀದಿಬೀದಿ ಅಲೆದು, ತಪ್ಪಿತಸ್ಥರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಯಿತು. ಆರೋಪಿ ಕಡುಬಡವನಾದಾಗ ಜುಲ್ಮಾನೆಯನ್ನು ತಾನೇ ಕಟ್ಟಿದುದೂ ಉಂಟೆಂದು ಹೇಳುತ್ತಾರೆ. 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿಮನೆಯಲ್ಲಿ ಮಾರ್ಟಿನ್, ವಿಲ್ಬರ್‌ಫೋರ್ಸ್, ಪಾದ್ರಿ ಆರ್ಥರ್ ಬ್ರೂಮ್ ಮೊದಲಾದವರು ಕೂಡಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದರು. ಸಂತೆಗಳಲ್ಲಿಯೂ ಕಸಾಯಿಖಾನೆಗಳಲ್ಲಿಯೂ ಕಣ್ಣಿಡಲು ಸಂಬಳದ ತನಿಖೆದಾರರನ್ನು ನೇಮಿಸಿದರು. ಸಂಘದ ಸಾಲಕ್ಕೆ ಹೊಣೆಯಾದ ಬ್ರೂಮ್ ಸೆರೆಮನೆಯನ್ನೇ ಕಾಣಬೇಕಾಯಿತು. 1840ರಲ್ಲಿ ವಿಕ್ಟೋರಿಯಾ ರಾಣಿಯ ಅನುಮತಿಯಿಂದ ‘ರಾಯಲ್’ ಎಂಬ ಬಿರುದು ಬರುವ ಮುನ್ನ ಆ ಸಂಘವು ಅನುಭವಿಸಿದ ದಾರಿದ್ರ್ಯ ಹೀಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, 1824ರಲ್ಲಿ ಲಂಡನ್ ನಗರಕ್ಕೆ ಇಂದಿನ ಅರ್ಥದಲ್ಲಿ ಪೋಲೀಸ್ ಪಡೆಯೇ ಇರಲಿಲ್ಲ. ಮಾರ್ಟಿನ್ನನ ಕಾಯಿದೆ ಅಂಗೀಕಾರವಾದಾಗ ಗೃಹಮಂತ್ರಿಯಾಗಿದ್ದವನು ಅದೇ ಪೀಲ್. ಅವನು ಪೋಲೀಸ್ ಪಡೆಯನ್ನು ಕಟ್ಟಿದುದು 1829ರಲ್ಲಿ. ಮನುಷ್ಯರನ್ನು ಕಾಯುವ ಸರ್ಕಾರಿ ಪೋಲೀಸರಿಗಿಂತ ಐದು ವರ್ಷ ಮೊದಲೇ ಮೂಕಪ್ರಾಣಿಗಳನ್ನು ಕಾಯುವ ಖಾಸಗಿ ತನಿಖೆದಾರರು ಆ ನಗರದಲ್ಲಿ ತಿರುಗಾಡುತ್ತಿದ್ದರು! ಸರ್ಕಾರ ಮಾಡಬೇಕಾದ ಕೆಲಸವನ್ನು ಸಜ್ಜನರ ಸಂಘವೊಂದು ಮೊದಲೇ ಕೈಗೆತ್ತಿಕೊಂಡಿದ್ದುದರಿಂದ, ಸರ್ಕಾರ ಅದನ್ನು ಸಂಘದ ಪಾಲಿಗೇ ಬಿಟ್ಟಿತು. ಯಾವ ಪ್ರಜೆಯಾದರೂ ಅಪರಾಧಿಯ ಮೇಲೆ ತಾನೇ ಮೊಕದ್ದಮೆ ಹೂಡಬಹುದೆಂಬ ಇಂಗ್ಲೆಂಡಿನ ಪುರಾತನ ಹಕ್ಕಿನ ಆಧಾರದ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪ್ರಾಣಿಹಿಂಸೆಯ ಮೊಕದ್ದಮೆಗಳಲ್ಲಿ ಬಹುಭಾಗವನ್ನು ದಾನಿಗಳ ಹಣದಿಂದ ನಡೆಯುವ ಆ ಸಂಘವೇ ನಡೆಸಿಕೊಂಡು ಬಂದಿತು. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಸಂಘವು ವರದಿ ಕೊಡುತ್ತದೆ, ಮೊಕದ್ದಮೆಯನ್ನು ಸರ್ಕಾರಿ ಅಭಿಯೋಜಕನು ಹೂಡುತ್ತಾನೆ. 2021ರಲ್ಲಿ ಇಂಗ್ಲೆಂಡಿನ ಸಂಘವೂ ಈ ಹೊಣೆಯನ್ನು ಸರ್ಕಾರಿ ಅಭಿಯೋಜನ ಇಲಾಖೆಗೆ ಒಪ್ಪಿಸುವ ದಾರಿಯನ್ನು ಅರಸುವುದಾಗಿ ಪ್ರಕಟಿಸಿತು.

ಧರ್ಮಬುದ್ಧಿಯುಳ್ಳ ಖಾಸಗಿ ಜನ ಮಾಡಿದ ಸೇವೆಯನ್ನು ನಾನು ಕಿರಿದೆಂದು ಎಣಿಸುವವನಲ್ಲ. ಅವರಿಲ್ಲದಿದ್ದರೆ 1822ರ ಕಾಯಿದೆ ಕಾಗದದ ಮೇಲೆಯೇ ಸತ್ತುಹೋಗುತ್ತಿತ್ತು. ಆದರೆ ದಂಡಿಸುವ ಕಾರ್ಯವು ದಾನಿಗಳ ಔದಾರ್ಯವನ್ನು ಆಶ್ರಯಿಸಿದಾಗ, ಎಣಿಸುವ ಕಾರ್ಯವೂ ಅವರ ಪಾಲಿಗೇ ಹೋಗುತ್ತದೆ. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಹುಟ್ಟಿದಾಗ ಮಂತ್ರಿಯ ಕೈಯಲ್ಲಿರುವುದು ನ್ಯಾಯಾಲಯದ ಬಾಗಿಲನ್ನು ದಾಟಿದ ಪ್ರಕರಣಗಳ ಸಂಖ್ಯೆ ಮಾತ್ರ. ಕೊಟ್ಟಿಗೆಯಲ್ಲಿ ನಡೆದುದು, ಲಾರಿಯಲ್ಲಿ ನಡೆದುದು, ಮುಚ್ಚಿದ ಬಾಗಿಲ ಹಿಂದೆ ನಡೆದುದು ಅವನ ಲೆಕ್ಕದಲ್ಲಿಲ್ಲ. ಅಷ್ಟಾದರೂ ಪ್ರಶ್ನೆಗಳು ವ್ಯರ್ಥವಾಗಲಿಲ್ಲ. 2006ರ ಪ್ರಾಣಿಕ್ಷೇಮ ಕಾಯಿದೆಯು ನೋಯಿಸುವುದನ್ನು ಮಾತ್ರವಲ್ಲ, ಸಾಕಿದ ಪ್ರಾಣಿಗೆ ಬೇಕಾದುದನ್ನು ಒದಗಿಸದಿರುವುದನ್ನೂ ಅಪರಾಧವೆಂದು ಸಾರಿದರೂ, ಅತಿ ಘೋರವಾದ ಹಿಂಸೆಗೂ ಆರು ತಿಂಗಳಿಗೆ ಮೀರಿದ ಸೆರೆ ಅದರಲ್ಲಿರಲಿಲ್ಲ. ಎಷ್ಟು ಮಂದಿಗೆ ಈ ಗರಿಷ್ಠ ಶಿಕ್ಷೆಯಾಯಿತು, ಎಷ್ಟು ಮಂದಿಗೆ ಜುಲ್ಮಾನೆಯಲ್ಲಿ ಮುಗಿಯಿತು ಎಂದು ಸದಸ್ಯರು ಮತ್ತೆಮತ್ತೆ ಕೇಳಿ ಪಡೆದ ಪಟ್ಟಿಗಳು ವಾದಕ್ಕೆ ಆಧಾರವಾಗುತ್ತ ಬಂದುವು. 2021ರ ಜೂನ್ 29ರಿಂದ ಆ ಶಿಕ್ಷೆಯ ಮಿತಿ ಐದು ವರ್ಷಗಳಿಗೆ ಏರಿತು.

ಈ ಮಾತನ್ನು ಹೇಳುವಾಗ ನಮ್ಮ ದೇಶದ ಕಡೆಗೆ ತಿರುಗಿ ನೋಡದೆ ಇರಲಾಗದು. 1890ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ದುರ್ಬಲವಾದ ಕಾಯಿದೆಯೇ ಸ್ವಾತಂತ್ರ್ಯಾನಂತರವೂ ನಡೆಯುತ್ತಿದ್ದಾಗ, ರಾಜ್ಯಸಭೆಗೆ ನಾಮಕರಣ ಹೊಂದಿದ್ದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ಖಾಸಗಿ ಸದಸ್ಯರ ಮಸೂದೆಯೊಂದನ್ನು ಮಂಡಿಸಿ, ಸರ್ಕಾರವೇ ಮಸೂದೆ ತರುವುದೆಂದು ಪ್ರಧಾನಿ ನೆಹರೂ ಅವರು ಮಾತು ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ನೃತ್ಯಕಲೆಗೆ ಬಾಳನ್ನೇ ಮುಡಿಪಾಗಿಟ್ಟ ಆ ಮಹಿಳೆ ಮೂಕಜೀವಿಗಳಿಗಾಗಿ ಶಾಸನಸಭೆಯಲ್ಲಿ ತೋರಿದ ತಾಳ್ಮೆಯನ್ನು ನಾನು ಗೌರವದಿಂದ ಸ್ಮರಿಸುತ್ತೇನೆ. ಆ ಮಾತಿನ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. 1962ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆದರೆ ಆ ಕಾಯಿದೆಯ 11ನೆಯ ಸೆಕ್ಷನ್ನಿನಲ್ಲಿ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ಜುಲ್ಮಾನೆ 10 ರೂಪಾಯಿಗಿಂತ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ. 1822ರ ಮಾರ್ಟಿನ್ನನ ಹತ್ತು ಷಿಲಿಂಗಿಗೆ ಆ ಕಾಲದ ಗಾಡಿಯವನು ದಿನಗಟ್ಟಲೆ ದುಡಿಯಬೇಕಾಗಿತ್ತು. ನಮ್ಮ ಹತ್ತು ರೂಪಾಯಿಗೆ ಇಂದು ಒಂದು ಲೋಟ ಚಹಾ ಸಿಕ್ಕರೆ ಹೆಚ್ಚು. ಕಾಯಿದೆಯ ಅಂಕಿ ನಿಂತಲ್ಲಿಯೇ ನಿಂತಿತು, ಹಣದ ಬೆಲೆ ಇಳಿಯುತ್ತ ಹೋಯಿತು, ಶಿಕ್ಷೆ ತಾನಾಗಿಯೇ ಕರಗಿಹೋಯಿತು. ತೆರಿಗೆಯ ಗೆರೆ ಹೀಗೆ ನಿಂತರೆ ಬೊಕ್ಕಸಕ್ಕೆ ಲಾಭವಾಗುತ್ತದೆ. ಜುಲ್ಮಾನೆಯ ಗೆರೆ ನಿಂತರೆ ಹಿಂಸಕನಿಗೆ ಲಾಭವಾಗುತ್ತದೆ. ಹತ್ತು ರೂಪಾಯಿಯ ಮೊಕದ್ದಮೆಗಾಗಿ ಯಾವ ಠಾಣೆಯ ಅಧಿಕಾರಿ ದಿನಗಟ್ಟಲೆ ಕೋರ್ಟಿಗೆ ಅಲೆದಾನು?

ಮೂರನೆಯ ವಿಷಯ ಅಪರಾಧ ತಡೆಯ ಅನುದಾನ. ಇದರ ಕಷ್ಟ ಬೇರೆ ಬಗೆಯದು. 1829ರಲ್ಲಿ ಪೋಲೀಸ್ ಪಡೆಯನ್ನು ಕಟ್ಟಿದಾಗ, ಅಪರಾಧವನ್ನು ತಡೆಯುವುದೇ ಈ ಪಡೆಯ ಮುಖ್ಯ ಉದ್ದೇಶ, ಹಿಡಿದು ಶಿಕ್ಷಿಸುವುದು ಅನಂತರದ ಮಾತು ಎಂಬ ಅರ್ಥದ ಸೂಚನೆ ಮೊದಲ ದಿನವೇ ಸಿಬ್ಬಂದಿಗೆ ಹೋಗಿತ್ತು. ಅದರ ವೆಚ್ಚಕ್ಕೆ ಮನೆಗಳ ಬಾಡಿಗೆಯ ಮೌಲ್ಯದ ಮೇಲೆ ಪೌಂಡಿಗೆ 8 ಪೆನ್ಸಿನವರೆಗೆ ತೆರಿಗೆ ಹಾಕಿದಾಗ, ಹಣ ಕಣ್ಣಿಗೆ ಕಾಣುವಂತೆ ಹೋಗುತ್ತದೆ, ಫಲವೆಲ್ಲಿ ಎಂದು ಪ್ಯಾರಿಷ್ಷುಗಳ ಜನ ಗೊಣಗಿದರು. ಅವರ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ. ನಡೆದ ಕಳ್ಳತನವನ್ನು ಎಣಿಸಬಹುದು. ನಡೆಯದೆ ಹೋದ ಕಳ್ಳತನವನ್ನು ಎಣಿಸುವ ಬಗೆ ಹೇಗೆ? ಆದುದರಿಂದ ಅನುದಾನವನ್ನು ಕುರಿತ ಉತ್ತರದಲ್ಲಿ ಕೊಟ್ಟ ಹಣದ ಲೆಕ್ಕ ಪರಿಪೂರ್ಣವಾಗಿರುತ್ತದೆ: 2019ರಲ್ಲಿ ಹಿಂಸಾನಿವಾರಣ ಘಟಕಗಳಿಗೆ 18 ಪೋಲೀಸ್ ವಲಯಗಳಲ್ಲಿ 3.5 ಕೋಟಿ ಪೌಂಡು, 2020ರ ಜನವರಿಯಲ್ಲಿ ಬೀದಿಗಳ ಸುರಕ್ಷತೆಗೆಂದು ಆರಂಭಿಸಿದ ನಿಧಿಗೆ 2.5 ಕೋಟಿ ಪೌಂಡು, ಅದರಲ್ಲಿ ಬೀದಿದೀಪಕ್ಕೆ, ಹಿತ್ತಿಲ ಓಣಿಗಳ ಗೇಟುಗಳಿಗೆ, ಬಾಗಿಲ ಬೀಗಗಳಿಗೆ ಸಂದ ಪಾಲು. ಪಡೆದ ಫಲದ ಅಂಕಣ ಮಾತ್ರ ತೆಳುವಾಗಿರುತ್ತದೆ.

ಹಾಗೆಂದು ಇಲ್ಲಿ ಅಜ್ಞಾನವು ಅನಿವಾರ್ಯವೆಂದು ತಿಳಿಯಬೇಕಾಗಿಲ್ಲ. ರಾಚ್‌ಡೇಲಿನ ಕರ್ಕ್‌ಹೋಲ್ಟ್ ಎಂಬ ಕಾರ್ಮಿಕರ ವಸತಿಯಲ್ಲಿ 1980ರ ದಶಕದ ನಡುವೆ ಕನ್ನಗಳವು ಮಿತಿಮೀರಿದಾಗ, ಗೃಹಖಾತೆಯ ಹಣದಿಂದ ವಿದ್ವಾಂಸರೂ ಪೋಲೀಸರೂ ಕೂಡಿ ಮೊದಲು ಮಾಡಿದ ಕೆಲಸವೆಂದರೆ ಕೇಳುವುದು: ಕಳವಾದ ಮನೆಯವರನ್ನು ಕೇಳಿದರು, ನೆರೆಯವರನ್ನು ಕೇಳಿದರು, ಸಿಕ್ಕಿಬಿದ್ದ ಕಳ್ಳರನ್ನೂ ಕೇಳಿದರು. ಮನೆಯೊಳಗಿನ ಗ್ಯಾಸು ಮತ್ತು ವಿದ್ಯುತ್ತಿನ ಮೀಟರುಗಳಲ್ಲಿ ನಾಣ್ಯ ಹಾಕಬೇಕಾಗಿದ್ದುದರಿಂದ ಬಡವರ ಮನೆಯಲ್ಲಿಯೂ ಕಳ್ಳನಿಗೊಂದು ಹಣದ ಪೆಟ್ಟಿಗೆ ಸಿದ್ಧವಾಗಿರುತ್ತಿತ್ತು. ಒಮ್ಮೆ ಕಳವಾದ ಮನೆಗೇ ಮತ್ತೆ ಕಳ್ಳರು ಬರುತ್ತಿದ್ದರು. ನಾಣ್ಯದ ಮೀಟರುಗಳನ್ನು ತೆಗೆಸಿದರು, ಕಳವಾದ ಮನೆಯ ಸುತ್ತಲಿನ ಐದಾರು ಮನೆಯವರನ್ನು ಕಾವಲಿಗೆ ಒಪ್ಪಿಸಿದರು. ಮೊದಲ ವರ್ಷದಲ್ಲಿಯೇ ಕನ್ನಗಳವು ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು. ಗ್ಲಾಸ್ಗೋದಲ್ಲಿ 2005ರಲ್ಲಿ ಹುಟ್ಟಿದ ಹಿಂಸಾನಿವಾರಣ ಘಟಕದಲ್ಲಿ ಚೂರಿಯಿರಿತವನ್ನು ಅಂಟುರೋಗದಂತೆ ಕಂಡು, ವೈದ್ಯರು, ಉಪಾಧ್ಯಾಯರು, ಪೋಲೀಸರು ಒಂದಾಗಿ ಅದರ ಮೂಲಕ್ಕೆ ಮದ್ದು ಹುಡುಕಿದರು. ಇಂತಹ ಕೆಲಸಕ್ಕೆ ಹಲವು ವರ್ಷಗಳ ನಿಶ್ಚಿತ ಹಣ ಬೇಕು; ಇಂಗ್ಲೆಂಡಿನ ಘಟಕಗಳಿಗೆ ಮೊದಮೊದಲು ವರ್ಷವರ್ಷಕ್ಕೆ ಮಂಜೂರಾಗುತ್ತಿದ್ದ ಹಣದಿಂದ, ಬರುವ ಏಪ್ರಿಲಿನಲ್ಲಿ ತಾವಿರುತ್ತೇವೆಯೋ ಇಲ್ಲವೋ ತಿಳಿಯದ ಸಿಬ್ಬಂದಿಯಿಂದ, ಒಬ್ಬ ಹುಡುಗನ ವಿಶ್ವಾಸವನ್ನು ಗಳಿಸುವುದು ಎಷ್ಟರಮಟ್ಟಿಗೆ ಸಾಧ್ಯ?

ಇದೆಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯೊಂದನ್ನು ಆ ದೇಶ 1982ರಲ್ಲಿ ಇಟ್ಟಿತು. ಠಾಣೆಯ ಪುಸ್ತಕದಲ್ಲಿ ದಾಖಲಾಗುವುದು ನಡೆದ ಅಪರಾಧಗಳಲ್ಲಿ ಒಂದು ಪಾಲು ಮಾತ್ರವೆಂಬುದನ್ನು ಅರಿತು, ಮನೆಮನೆಗೆ ಹೋಗಿ, ಕಳೆದ ವರ್ಷ ನಿಮಗೆ ಏನಾದರೂ ಅಪಾಯವಾಯಿತೇ ಎಂದು ಜನರನ್ನೇ ಕೇಳುವ ಸಮೀಕ್ಷೆಯನ್ನು ಸರ್ಕಾರ ಆರಂಭಿಸಿತು. ದೂರು ಕೊಡಲು ಅಂಜಿದವರ, ನಾಚಿದವರ, ಬೇಸತ್ತವರ ನೋವು ಆಗ ಲೆಕ್ಕಕ್ಕೆ ಬಂದಿತು. ತನ್ನ ಬಾಗಿಲಿಗೆ ಬಾರದುದನ್ನು ತಾನೇ ಹೋಗಿ ಕೇಳಿ ಎಣಿಸುವುದು ರಾಜ್ಯಕ್ಕೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಸಮೀಕ್ಷೆಯ ಪ್ರಶ್ನೆಗೆ ಬಾಯುಳ್ಳವರು ಮಾತ್ರ ಉತ್ತರಿಸಬಲ್ಲರು. ಬಾಸುಂಡೆ ಬಿದ್ದ ಕುದುರೆಯ ಲಾಯಕ್ಕೆ, ಸರಪಣಿಯಲ್ಲಿ ಉಪವಾಸ ಬಿದ್ದ ನಾಯಿಯ ಬಳಿಗೆ ಯಾವ ಸಮೀಕ್ಷಕನೂ ಹೋಗಿ ಕೇಳಲಾರನು. ಅವುಗಳ ಪಾಲಿಗೆ ತನಿಖೆದಾರನ ಕಣ್ಣೇ ಸಮೀಕ್ಷೆ. ಆದುದರಿಂದಲೇ ತನಿಖೆದಾರನ ದಿನಚರಿಯು ಸರ್ಕಾರದ ಲೆಕ್ಕಕ್ಕೆ ಸೇರಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಹೀಗೆ ಸರ್ಕಾರವನ್ನು ಲೆಕ್ಕ ಕೇಳುವ ಪ್ರಶ್ನೆಯ ಹಕ್ಕು ನಮ್ಮ ದೇಶದಲ್ಲಿ ಸುಲಭವಾಗಿ ಬಂದುದಲ್ಲ. 1892ರ ಕಾಯಿದೆಯಿಂದ ಅದು ವೈಸರಾಯರ ಶಾಸನಸಭೆಯ ಸದಸ್ಯರಿಗೆ ದೊರೆತು, 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆಯು, ಪ್ರವಾಸ ಬಂದ ಅಧಿಕಾರಿಗಳ ಡೇರೆಗಳಿಗೆ ಸಾಮಾನು ಒದಗಿಸುವ ಪದ್ಧತಿಯಿಂದ ಹಳ್ಳಿಯ ಅಂಗಡಿಕಾರರು ಪಡುವ ಪಾಡನ್ನು ಕುರಿತದ್ದು: ಹೆಸರಿಲ್ಲದ ಒಂದು ತೆರಿಗೆಯ ವಿಷಯ. ಅದಕ್ಕೂ ಹನ್ನೊಂದು ವರ್ಷ ಮೊದಲೇ, 1881ರ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ 144 ಮಂದಿ ಪ್ರತಿನಿಧಿಗಳನ್ನು ಸೇರಿಸಿ ಸಂಸ್ಥಾನದ ಜಮಾಖರ್ಚನ್ನು ಅವರ ಮುಂದೆ ಓದಿದ್ದರು. ಮತಕ್ಕೆ ಹಾಕುವ ಅಧಿಕಾರ ಆ ಪ್ರಜಾಪ್ರತಿನಿಧಿ ಸಭೆಗೆ ಇರಲಿಲ್ಲ. ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು, ಅದಕ್ಕೆ ಸರ್ಕಾರದ ಉತ್ತರವಿತ್ತು. 1923ರ ಸುಧಾರಣೆಗಳಿಂದ ಹೊಸ ತೆರಿಗೆಗೆ ಮುನ್ನ ಅದರ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವೂ ಬಂದಿತು. ಹಳೆಯ ಮೈಸೂರಿನ ರೈತನು ತನ್ನ ಕಂದಾಯದ ಕಷ್ಟವನ್ನು ದಿವಾನರ ಕಿವಿಗೆ ಮುಟ್ಟಿಸಿದ ದಾರಿ ಅದು.

ಸ್ವತಂತ್ರ ಭಾರತದ ಪಾರ್ಲಿಮೆಂಟು ವೆಸ್ಟ್‌ಮಿನ್‌ಸ್ಟರಿನಿಂದ ಪ್ರಶ್ನೋತ್ತರದ ಕ್ರಮವನ್ನು ತೆಗೆದುಕೊಂಡುದರ ಜೊತೆಗೆ, ಅಲ್ಲಿಲ್ಲದ ಒಂದು ಒಳ್ಳೆಯ ವ್ಯವಸ್ಥೆಯನ್ನೂ ಕಟ್ಟಿತು. ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು ಎಂದು ಮಂತ್ರಿಯು ಹೇಳಿದರೆ, ನಮ್ಮಲ್ಲಿ ಆ ಮಾತು ಗಾಳಿಗೆ ಹೋಗುವುದಿಲ್ಲ. ಅದು ಭರವಸೆಯೆಂದು ದಾಖಲಾಗುತ್ತದೆ, ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಈಡೇರಿತೋ ಇಲ್ಲವೋ ಎಂಬುದನ್ನು 1953ರಿಂದಲೂ ಲೋಕಸಭೆಯ ಭರವಸೆಗಳ ಸಮಿತಿ ನೋಡಿಕೊಳ್ಳುತ್ತದೆ. ಬ್ರಿಟನ್ನಿನ ಮಂತ್ರಿಯು ಕೇಂದ್ರದಲ್ಲಿ ಮಾಹಿತಿಯಿಲ್ಲವೆಂದು ಹೇಳಿದಲ್ಲಿಗೆ ಮಾತು ಮುಗಿಯುವುದುಂಟು. ನಮ್ಮ ಮಂತ್ರಿಯು ಸಂಗ್ರಹಿಸುತ್ತೇವೆಂದು ಹೇಳಿದಲ್ಲಿಂದ ಒಂದು ಋಣ ಆರಂಭವಾಗುತ್ತದೆ. ಈ ಸಮಿತಿಯ ವರದಿಗಳನ್ನು ಓದುವವರು ವಿರಳವೆಂಬುದು ವಿಷಾದದ ಸಂಗತಿ.

ಮಾಹಿತಿಯಿಲ್ಲವೆಂಬ ಉತ್ತರ ಬಂದ ಮೇಲೆ ಸದಸ್ಯನು ಕೇಳಬೇಕಾದ ಎರಡನೆಯ ಪ್ರಶ್ನೆಯೊಂದಿದೆ: ಅದನ್ನು ಎಣಿಸಲು ಎಂದಿನಿಂದ ತೊಡಗುವಿರಿ? ಇಂಗ್ಲೆಂಡಿನಲ್ಲಿ ಮನೆಯ ನಾಯಿ ಬೆಕ್ಕುಗಳನ್ನು ಕದ್ದೊಯ್ಯುವುದು 1968ರ ಕಳ್ಳತನದ ಕಾಯಿದೆಯಲ್ಲಿ ಕುರ್ಚಿ ಮೇಜುಗಳ ಕಳವಿನ ಸಾಲಿನಲ್ಲಿಯೇ ಸೇರಿಹೋಗಿತ್ತು. ಕಳವಾದ ಪ್ರಾಣಿಗಳೆಷ್ಟೆಂದು ಬೇರೆಯಾಗಿ ತಿಳಿಯಲು ದಾರಿಯಿರಲಿಲ್ಲ. ಸೋಂಕುರೋಗದ ದಿನಗಳಲ್ಲಿ ನಾಯಿಮರಿಗಳ ಬೆಲೆ ಏರಿ ಇಂತಹ ಕಳವು ಹೆಚ್ಚಿತೆಂಬ ಕೂಗೆದ್ದಾಗ ಸರ್ಕಾರ 2021ರ ಮೇ ತಿಂಗಳಿನಲ್ಲಿ ವಿಚಾರಣೆಯ ತಂಡವೊಂದನ್ನು ನೇಮಿಸಿತು. ಸೆಪ್ಟೆಂಬರಿನಲ್ಲಿ ಬಂದ ಅದರ ವರದಿ ಪ್ರಾಣಿಯ ಅಪಹರಣವನ್ನು ಪ್ರತ್ಯೇಕ ಅಪರಾಧವಾಗಿ ಮಾಡಬೇಕೆಂದಿತು. ಖಾಸಗಿ ಸದಸ್ಯರೊಬ್ಬರ ಮಸೂದೆಯ ಮೂಲಕ ಅದು 2024ರಲ್ಲಿ ಕಾಯಿದೆಯಾಗಿ, ಆಗಸ್ಟ್ 24ರಿಂದ ಇಂಗ್ಲೆಂಡಿನಲ್ಲಿಯೂ ಉತ್ತರ ಐರ್ಲೆಂಡಿನಲ್ಲಿಯೂ ಐದು ವರ್ಷಗಳವರೆಗಿನ ಸೆರೆಯ ಅಪರಾಧವಾಯಿತು. ಪ್ರತ್ಯೇಕ ಅಪರಾಧವಾದುದು ಪ್ರತ್ಯೇಕ ಲೆಕ್ಕಕ್ಕೂ ಬರುತ್ತದೆ.

ನಮ್ಮ ವಿಧಾನಮಂಡಲದ ಮಾನ್ಯ ಸದಸ್ಯರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ಮುಂದಿನ ಅಧಿವೇಶನದಲ್ಲಿ, ಚುಕ್ಕೆ ಗುರುತಿಲ್ಲದ ಒಂದು ಪ್ರಶ್ನೆಯ ಮೂಲಕವಾದರೂ ಸರಿಯೇ, ಇಷ್ಟನ್ನು ಕೇಳಬೇಕೆಂದು ನನ್ನ ವಿನಂತಿ: 1960ರ ಕಾಯಿದೆಯ 11ನೆಯ ಸೆಕ್ಷನ್ನಿನಲ್ಲಿ ಕಳೆದ ಐದು ವರ್ಷಗಳಲ್ಲಿ ತಾಲ್ಲೂಕುವಾರು ದಾಖಲಾದ ದೂರುಗಳೆಷ್ಟು, ಕೋರ್ಟಿಗೆ ಹೋದುವೆಷ್ಟು, ವಸೂಲಾದ ಜುಲ್ಮಾನೆಯ ಒಟ್ಟು ಮೊತ್ತವೆಷ್ಟು, ಆ ಮೊಕದ್ದಮೆಗಳನ್ನು ನಡೆಸಲು ಸರ್ಕಾರ ಮಾಡಿದ ವೆಚ್ಚವೆಷ್ಟು, ಲೆಕ್ಕವಿಲ್ಲದಿದ್ದರೆ, ಯಾವ ತಾರೀಖಿನಿಂದ ಇಡಲಾಗುವುದು?